ಸಹಾಯ ಬೇಕು: 'ನ್ಯಾಚುರಲ್' ಕ್ರೀಮ್ ಹಚ್ಚಿದರೂ ತುರಿಕೆ, ಯಾವುದನ್ನು ಬಿಡಲಿ?

ಪ್ಯಾರಾಬೆನ್ (ಕ್ರೀಮ್ ಕೆಡದಂತೆ ಹಾಕುವ ಕೆಮಿಕಲ್) ಬೇಡ ಅಂತ 'ನ್ಯಾಚುರಲ್' ಕ್ರೀಮ್ ತಂದೆ. ನಾಲ್ಕೇ ದಿನಕ್ಕೆ ಕುತ್ತಿಗೆ ಕೆಂಪಾಗಿ ತುರಿಕೆ ಶುರು. ನಿಲ್ಲಿಸಿದೆ, ಕಡಿಮೆಯಾಯಿತು. ಇನ್ನೊಂದನ್ನು ತಂದು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿದೆ. ಅಲ್ಲೂ ಅದೇ ಕಥೆ.

ಎರಡೂ ಲೇಬಲ್ ಕಣ್ಣು ಕಿರಿದು ಮಾಡಿ ಓದಿದೆ (ಅಕ್ಷರ ಇರುವೆಯಷ್ಟಿದೆ!). ಎರಡರಲ್ಲೂ ಫಿನಾಕ್ಸಿಎಥನಾಲ್, ಪರ್ಫ್ಯೂಮ್, ಲಿನಲೂಲ್, ಲಿಮೊನೀನ್ ಇವೆ. ಫಿನಾಕ್ಸಿಎಥನಾಲ್ ಕೂಡ ಕ್ರೀಮ್ ಕೆಡದಿರಲು ಹಾಕುವುದು. ಯುರೋಪಿನಲ್ಲಿ 1%ವರೆಗೆ ಬಿಡುತ್ತಾರೆ. ನೀರಿರುವ ಕ್ರೀಮಿಗೆ ಅಂಥದ್ದೇನಾದರೂ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಲಿನಲೂಲ್, ಲಿಮೊನೀನ್ ಪರಿಮಳ ಕೊಡುವ ಅಂಶಗಳು: ಲಿನಲೂಲ್ ಲ್ಯಾವೆಂಡರ್ ಎಣ್ಣೆಯಲ್ಲಿ ತಾನಾಗೇ ಇರುತ್ತದೆ, ಲಿಮೊನೀನ್ ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ. ಗಾಳಿ ತಾಗಿ ಹಳತಾದರೆ ಇವೂ ಅಲರ್ಜಿ ತರುತ್ತವೆ. ಅಂದರೆ ಕೆಮಿಕಲ್ ಬೇಡ ಅಂತ ಓಡಿದ ನನಗೆ ಗಿಡದ ಎಣ್ಣೆಯೇ ಕಾಟ ಕೊಡುತ್ತಿದೆಯಾ?

ಇಂಥ ತುರಿಕೆ ಕಂಡವರು ಹೇಳಿ: ಮೊದಲು ಪರಿಮಳ ಇರುವುದನ್ನೆಲ್ಲ ಬಿಡಲಾ, ಇಲ್ಲ ಫಿನಾಕ್ಸಿಎಥನಾಲ್ ಇಲ್ಲದ್ದನ್ನು ಹುಡುಕಲಾ?