ಅಪ್‌ಡೇಟ್: ನನ್ನ ಪುಸ್ತಕದ ಮುಖಪುಟ ಕೊನೆಗೂ ಮುಗಿಯಿತು

ನಾನೇ ಅಚ್ಚು ಹಾಕಿಸುತ್ತಿರುವ ಕಥಾಸಂಕಲನದ ಮುಖಪುಟ ಯಾಕೋ ಮಂಕಾಗಿದೆ, ಏನು ಮಾಡಲಿ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ನೀವು ಹೇಳಿದಂತೆ ಮೊಬೈಲ್‌ನಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿದೆ. ಶೀರ್ಷಿಕೆಯ ಒತ್ತಕ್ಷರಗಳೆಲ್ಲ ಕಲಸಿಹೋಗಿದ್ದವು! ಬಳ್ಳಿಬಳ್ಳಿ ಫಾಂಟ್ ಬಿಟ್ಟು ದಪ್ಪ, ಸರಳ ಅಕ್ಷರ ಹಾಕಿದೆ. ಸಾಲುಗಳ ನಡುವೆ ಜಾಗ ಜಾಸ್ತಿ ಕೊಟ್ಟೆ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಕನ್ನಡದ ಪಾಡು ಇದು ಅಲ್ವಾ? ಮೊದಲು ಐದು ಚಿತ್ರ ಇದ್ದ ಕಡೆ ಈಗ ಒಂದೇ, ಖಾಲಿ ಜೋಕಾಲಿ.

ಬಣ್ಣದ್ದು ಬೇರೆ ಕತೆ. ಸ್ಕ್ರೀನಿನಲ್ಲಿ ಹೊಳೆಯುತ್ತಿದ್ದ ಹಸಿರು, ಸಿಎಂವೈಕೆಗೆ (ಅಚ್ಚಿನಲ್ಲಿ ಬಳಸುವ ನಾಲ್ಕು ಶಾಯಿಗಳ ಬಣ್ಣಪದ್ಧತಿ) ಬದಲಿಸಿದ ಕೂಡಲೇ ಬಾಡಿದ ಸೊಪ್ಪಿನಂತಾಯಿತು. ಅರಿಶಿನ ಬಣ್ಣಕ್ಕೆ ಹೋದೆ. ಚಿತ್ರ 300 ಡಿಪಿಐ (ಅಂದರೆ ಇಂಚಿಗೆ 300 ಚುಕ್ಕಿ), ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗಲೆಂದು ಬಿಡುವ ಹೆಚ್ಚುವರಿ ಅಂಚು. ಪುಸ್ತಕದ ಬೆನ್ನಿನ (ಸ್ಪೈನ್) ಅಗಲ ಮಾತ್ರ ತಪ್ಪಿತ್ತು. ಪುಟ ಹೆಚ್ಚಾದ ಮೇಲೆ ಮತ್ತೆ ಲೆಕ್ಕ ಹಾಕಿರಲಿಲ್ಲ. ಸ್ಯಾಂಪಲ್ ಪ್ರತಿ ತರಿಸಿದ್ದಕ್ಕೆ ಬಚಾವ್. ನಾಳೆ 200 ಪ್ರತಿ ಅಚ್ಚಿಗೆ.