ಬೈಯರ್ ಸಿ-ಟಿಪ್ಯಾಟ್ ಸರ್ಟಿಫಿಕೇಟ್ ಕೇಳುತ್ತಿದ್ದಾರೆ, ಮಾಡಿಸಿದವರು ಹೇಳಿ

ಪ್ರಶ್ನೆ (ಪೀಣ್ಯ, ಗಾರ್ಮೆಂಟ್ಸ್):
ನಮ್ಮದು ಸಣ್ಣ ಯೂನಿಟ್. ಅಮೆರಿಕದ ಬೈಯರ್ ಸಿ-ಟಿಪ್ಯಾಟ್ ಸರ್ಟಿಫಿಕೇಟ್ ಕಳಿಸಿ ಎಂದು ಮೇಲ್ ಹಾಕಿದ್ದಾರೆ. ಒಬ್ಬ ಕನ್ಸಲ್ಟೆಂಟ್ ದುಡ್ಡು ಕೊಟ್ಟರೆ ತೆಗೆಸಿಕೊಡುತ್ತೇನೆ ಎನ್ನುತ್ತಿದ್ದಾನೆ. ನಂಬಬಹುದಾ? ಇಲ್ಲಿಯ ಕಸ್ಟಮ್ಸ್‌ನವರು ನಂಬಿಕಸ್ತ ವ್ಯಾಪಾರಿಗಳಿಗೆ ಕೊಡುವ ಎಇಒ ಮಾನ್ಯತೆ ಮಾಡಿಸಿದರೆ ಸಾಕಾ?

ಉತ್ತರ (ಬೊಮ್ಮಸಂದ್ರ, ಕಂಪ್ಲಯನ್ಸ್ ನೋಡಿಕೊಳ್ಳುವವಳು):
ಸರ್, ಮೊದಲು ಆತನಿಗೆ ಒಂದು ರೂಪಾಯಿಯೂ ಕೊಡಬೇಡಿ. ಸಿ-ಟಿಪ್ಯಾಟ್ ಅಮೆರಿಕದ ಕಸ್ಟಮ್ಸ್‌ನವರ ಯೋಜನೆ, 2001ರ ಭಯೋತ್ಪಾದಕ ದಾಳಿ ಆದ ಮೇಲೆ ಸರಕು ಸಾಗಣೆಯ ಭದ್ರತೆಗೆ ಶುರುವಾಗಿದ್ದು. ಅದರಲ್ಲಿ ಸದಸ್ಯರಾಗುವುದು ಅಲ್ಲಿನ ಇಂಪೋರ್ಟರ್‌ಗಳು, ಸಾಗಣೆ ಕಂಪನಿಗಳು ಇಂಥವರು. ಹೊರದೇಶದ ಫ್ಯಾಕ್ಟರಿಗಳಲ್ಲಿ ಕೆನಡಾ, ಮೆಕ್ಸಿಕೊದವಕ್ಕೆ ಮಾತ್ರ ಅವಕಾಶ. ನಮ್ಮ ಫ್ಯಾಕ್ಟರಿಗಳಿಗೆ ಸದಸ್ಯತ್ವವೇ ಇಲ್ಲ, ಇನ್ನು ಸರ್ಟಿಫಿಕೇಟ್ ಎಲ್ಲಿಂದ ತರುತ್ತಾನೆ? ಬೈಯರ್‌ಗೆ ಬೇಕಾಗಿರುವುದು ನೀವು ಭದ್ರತೆಯ ನಿಯಮ ಪಾಲಿಸುತ್ತೀರಿ ಎನ್ನುವ ಪುರಾವೆ. ಪ್ರಶ್ನಾವಳಿ ತುಂಬಿದರೆ ಸಾಕಾ, ಆಡಿಟ್ ಆಗಬೇಕಾ, ಆಡಿಟ್ ಆದರೆ ಯಾವ ಏಜೆನ್ಸಿಯದು, ಇಷ್ಟನ್ನು ಬರಹದಲ್ಲಿ ಕೇಳಿ.

ನಮ್ಮಲ್ಲಿಗೆ ಬಂದ ಆಡಿಟರ್ ಫೈಲ್ ನೋಡಿದ್ದಕ್ಕಿಂತ ಲೋಡಿಂಗ್ ಜಾಗದಲ್ಲಿ ನಿಂತಿದ್ದೇ ಜಾಸ್ತಿ. ಖಾಲಿ ಕಂಟೈನರ್‌ನ 7 ಕಡೆ ನೋಡಬೇಕು: ಮುಂದಿನ ಗೋಡೆ, ಎಡ, ಬಲ, ನೆಲ, ಚಾವಣಿ, ಬಾಗಿಲು, ಅಡಿಭಾಗ. ಸೂಪರ್‌ವೈಸರ್‌ನನ್ನು ಕೇಳದೆ ನೇರ ಹೆಲ್ಪರ್ ಹುಡುಗನ ಕೈಗೆ ಟಾರ್ಚ್ ಕೊಟ್ಟು ಮಾಡಿ ತೋರಿಸು ಎಂದರು. ಕಂಟೈನರ್ ಬಾಗಿಲಿಗೆ ಸೀಲ್ ಹಾಕಿದ ಮೇಲೆ ಕಣ್ಣಲ್ಲಿ ನೋಡಿ, ನಂಬರ್ ತಾಳೆ ಹಾಕಿ, ಎಳೆದು, ತಿರುಗಿಸಿ ನೋಡಬೇಕು. ಮಿಕ್ಕ ಸೀಲ್‌ಗಳು ಯಾರ ಬೀಗದಲ್ಲಿವೆ ಎಂದೂ ಕೇಳಿದರು. ಹೊಸ ಕ್ಯಾಮೆರಾ ತರುವ ಮೊದಲು ಇದನ್ನು ಸರಿ ಮಾಡಿಕೊಳ್ಳಿ.

ಉತ್ತರ (ವೈಟ್‌ಫೀಲ್ಡ್ ಐಸಿಡಿ ಅಂದರೆ ಒಳನಾಡು ಕಂಟೈನರ್ ಡಿಪೋ, ಕಸ್ಟಮ್ಸ್ ಬ್ರೋಕರ್):
ಮೇಡಂ ಹೇಳಿದ್ದು ಸರಿ. ಸೀಲ್ ಬಗ್ಗೆ ಭಯ ಬೇಡ, ಫ್ಯಾಕ್ಟರಿಯಲ್ಲೇ ಸ್ಟಫಿಂಗ್ ಮಾಡಿ (ಕಂಟೈನರ್‌ಗೆ ಸರಕು ತುಂಬಿ) ತಾವೇ ಸೀಲ್ ಹಾಕುವ ಸೆಲ್ಫ್ ಸೀಲಿಂಗ್ ಮಾಡುವವರು ಹಾಕುವ ಆರ್‌ಎಫ್‌ಐಡಿ (ರೇಡಿಯೊ ಚಿಪ್) ಬೋಲ್ಟ್ ಸೀಲ್ ಹೇಗೂ ಕಂಟೈನರ್ ಸೀಲ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 17712 ಪ್ರಕಾರವೇ ಇರಬೇಕು.

ಎಇಒ ಬೇರೆ, ಅದು ನಮ್ಮ ಕಸ್ಟಮ್ಸ್ ಕೊಡುವುದು, ಸರ್ಕಾರಿ ಶುಲ್ಕ ಇಲ್ಲ. ಅದರ ಮೊದಲ ಹಂತ ಟಿ1 ಬರೀ ಕಾಗದಪತ್ರದ ಮೇಲೆ ಆಗುತ್ತದೆ. ವರ್ಷಕ್ಕೆ ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು-ರಫ್ತಿನ 25 ಬಿಲ್ ಬೇಕಿತ್ತು, ಎಂಎಸ್‌ಎಂಇಗಳಿಗೆ 10ಕ್ಕೆ ಇಳಿಸಿದರು. ಬ್ಯಾಂಕ್ ಗ್ಯಾರಂಟಿ ಅರ್ಧಕ್ಕೆ, ಎಂಎಸ್‌ಎಂಇಗಳಿಗೆ ಕಾಲು ಭಾಗಕ್ಕೆ ಇಳಿಯುತ್ತದೆ, ಬಟ್ಟೆ ಆಮದು ಮಾಡುವವರಿಗೆ ಇದೇ ದೊಡ್ಡದು. ಆದರೆ ಬೈಯರ್ ಕೇಳುವ ಭದ್ರತೆಯ ವಿಷಯ ಬರುವುದು ಮುಂದಿನ ಹಂತವಾದ ಟಿ2ನಲ್ಲಿ. ಅದಕ್ಕೆ ಅಧಿಕಾರಿಗಳು ಫ್ಯಾಕ್ಟರಿಗೇ ಬಂದು ನೋಡುತ್ತಾರೆ. ಅಮೆರಿಕದ ಜೊತೆ ಪರಸ್ಪರ ಮಾನ್ಯತೆಯ ಒಪ್ಪಂದಕ್ಕೆ 2021ರಲ್ಲಿ ಸಹಿ ಬಿದ್ದಿದೆ, ಹಾಗಾಗಿ ಟಿ2 ಇದ್ದರೆ ಬೈಯರ್ ಹತ್ತಿರ ಮಾತಾಡಲು ಒಂದು ಬಲ.

ಉತ್ತರ (ಹಾಸನ, ಕಾಫಿ ರಫ್ತು):
ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ. ವರ್ಷಕ್ಕೆ ನಾಲ್ಕಾರು ಕಂಟೈನರ್ ಕಳಿಸುವವರಿಗೆ ಟಿ2 ಸುಮ್ನೆ ತಲೆನೋವು. ಸೈಟ್ ಪ್ಲಾನ್, ಸೆಕ್ಯುರಿಟಿ ಪ್ಲಾನ್, ಪಾಲುದಾರರ ವಿವರ ಎಲ್ಲಾ ಬರೆದಿಡಲು ಒಬ್ಬರು ಬೇಕು. ನಮಗೆ ಕಷ್ಟವಾಗಿದ್ದು ಲಾರಿಯವರದ್ದು. ದಾರಿಯಲ್ಲಿ ಎಲ್ಲಿ ನಿಲ್ಲಿಸುತ್ತೀರಿ, ಡ್ರೈವರ್ ಹಿನ್ನೆಲೆ ಯಾರು ನೋಡಿದ್ದಾರೆ ಎಂದು ಫಾರಂ ಕಳಿಸಿದರೆ ಮಾಲೀಕರು ನಕ್ಕುಬಿಟ್ಟರು. ಜಿಪಿಎಸ್ ಇರುವ ಬೇರೆ ಟ್ರಾನ್ಸ್‌ಪೋರ್ಟ್ ಹಿಡಿಯಬೇಕಾಯಿತು, ಬಾಡಿಗೆ ಜಾಸ್ತಿಯೇ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಬೈಯರ್‌ಗೆ ಕೇಳಿದೆ, ಸದ್ಯಕ್ಕೆ ಪ್ರಶ್ನಾವಳಿ ಸಾಕಂತೆ. ಟಿ1ಗೆ ಹಾಕುತ್ತೇನೆ. ಸೀಲ್ ರಿಜಿಸ್ಟರ್ ಹೇಗಿರಬೇಕು ಮೇಡಂ?

ಉತ್ತರ (ಬೊಮ್ಮಸಂದ್ರ):
ಪುಟದ ನಂಬರ್ ಇರುವ ಪುಸ್ತಕ ತಗೊಳ್ಳಿ. ದಿನಾಂಕ, ಸೀಲ್ ನಂಬರ್, ಕಂಟೈನರ್ ನಂಬರ್, ಕೊಟ್ಟವರು, ಹಾಕಿದವರು, ಇಬ್ಬರ ಸಹಿ. ಹಾಳಾದ ಸೀಲ್‌ಗೂ ಒಂದು ಸಾಲು ಬರೆಯಿರಿ, ಅದನ್ನೇ ಮೊದಲು ಕೇಳುತ್ತಾರೆ.