ಅಪ್‌ಡೇಟ್: 4x5 ಕ್ಯಾಮೆರಾಗೆ ಇನ್‌ಸ್ಟಂಟ್ ಬ್ಯಾಕ್ ಆರಿಸಿದೆ

ನನ್ನ 4x5 ಕ್ಯಾಮೆರಾ (4x5 ಇಂಚಿನ ಶೀಟ್ ಫಿಲ್ಮ್, ಅಂದ್ರೆ ಬಿಡಿ ಹಾಳೆ ಫಿಲ್ಮ್ ಹಾಕೋ ದೊಡ್ಡ ಕ್ಯಾಮೆರಾ) ಹಿಂದೆ ಕೂರಿಸಿ, ತಕ್ಷಣ ಚಿತ್ರ ಬರೋ ಇನ್‌ಸ್ಟಂಟ್ ಫಿಲ್ಮ್ ಬಳಸೋಕೆ ಯಾವ ಬ್ಯಾಕ್ ಒಳ್ಳೇದು, ಹಳೆಯ ಪೋಲರಾಯ್ಡ್ 545 ತಗೊಳ್ಳಲಾ, ಪ್ಯಾಕ್ ಫಿಲ್ಮ್‌ (ಹಲವು ಹಾಳೆ ಒಂದೇ ಪ್ಯಾಕ್‌ನಲ್ಲಿ ಬರೋ ಇನ್‌ಸ್ಟಂಟ್ ಫಿಲ್ಮ್) ಹಾಕೋ ಪೋಲರಾಯ್ಡ್ 405 ತಗೊಳ್ಳಲಾ, ಅಥವಾ ಲೋಮೋಗ್ರಾಫ್ಲಾಕ್ ತಗೊಳ್ಳಲಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕೊನೆಗೆ ಲೋಮೋಗ್ರಾಫ್ಲಾಕ್ ತಗೊಂಡೆ. ಮೊದಲೆರಡು ಅಗ್ಗಕ್ಕೆ ಸಿಗುತ್ತವೆ, ನಿಜ. ಆದರೆ ಫಿಲ್ಮ್ ಎಲ್ಲಿಂದ ತರೋದು? 405ಗೆ ಹಾಕೋ ಪ್ಯಾಕ್ ಫಿಲ್ಮ್ ಎಫ್‌ಪಿ-100ಸಿ ನಿಲ್ಲಿಸೋದಾಗಿ ಫ್ಯೂಜಿ ಹೇಳಿದ್ದೇ 2016ರಲ್ಲಿ. ಉಳಿದಿರೋದೆಲ್ಲ ಅವಧಿ ಮುಗಿದ ಸ್ಟಾಕ್, ಬೆಲೆಯೂ ಜಾಸ್ತಿ. ಲೋಮೋಗ್ರಾಫ್ಲಾಕ್‌ಗಾದರೆ ಫ್ಯೂಜಿಯ ಇನ್‌ಸ್ಟಾಕ್ಸ್ ವೈಡ್ ಇನ್‌ಸ್ಟಂಟ್ ಫಿಲ್ಮ್ ಸಾಕು.

ಚಿತ್ರ 99x62 ಮಿ.ಮೀ. ಅಷ್ಟೇ, ಪೂರ್ತಿ 4x5 ಅಲ್ಲ. ಅಂಚು ಕತ್ತರಿಸಿ ಹೋಗೋದರಿಂದ, ಅಗಲ ನೋಟದ ವೈಡ್ ಲೆನ್ಸ್ ಇಷ್ಟಪಡೋರಿಗೆ ಬೇಜಾರಾಗಬಹುದು.

ಫೋಕಸ್ ವಿಷಯ ಮಾತ್ರ ಗಮನಿಸಿ. ಫಿಲ್ಮ್ ಕೂರೋ ಜಾಗ ಗ್ರೌಂಡ್ ಗ್ಲಾಸ್‌ಗಿಂತ (ಫೋಕಸ್ ನೋಡೋಕೆ ಕ್ಯಾಮೆರಾ ಹಿಂದಿರೋ ಮಬ್ಬು ಗಾಜು) ಹಿಂದಿದೆ. ಜೊತೆಗೆ ಬರೋ ಸ್ಪೇಸರ್ (ಗ್ಲಾಸನ್ನು ಅಷ್ಟೇ ಹಿಂದಕ್ಕೆ ಸರಿಸೋ ಚೌಕಟ್ಟು) ಹಾಕಿ ಫೋಕಸ್ ಮಾಡಬೇಕು, ಆಮೇಲೆ ಅದನ್ನು ಗ್ಲಾಸ್ ಸಮೇತ ತೆಗೆದು ಬ್ಯಾಕ್ ಕೂರಿಸಬೇಕು. ಹಾಗಾಗಿ ಗ್ರಾಫ್ಲಾಕ್ ಬ್ಯಾಕ್ (ಗ್ಲಾಸ್ ತೆಗೆದು ಆ ಜಾಗದಲ್ಲಿ ಬೇರೆ ಬ್ಯಾಕ್ ಕೂರಿಸೋ ವ್ಯವಸ್ಥೆ) ಇಲ್ಲದ ಕ್ಯಾಮೆರಾಗೆ ಇದು ಆಗಲ್ಲ.

ಫಿಲ್ಮ್ ಐಎಸ್‌ಒ 800, ಅಂದ್ರೆ ಬೆಳಕಿಗೆ ತುಂಬಾ ಸೂಕ್ಷ್ಮ. ಬಿಸಿಲಲ್ಲಿ ಲೆನ್ಸ್‌ನ ತೆರಪು ತುಂಬಾ ಚಿಕ್ಕದಾಗಿ ಎಫ್/45, ಶಟರ್ 1/125 ಸೆಕೆಂಡ್ ಹತ್ತಿರ ಇಡಬೇಕಾಗುತ್ತೆ. ಹೈಲೈಟ್ (ಚಿತ್ರದ ತುಂಬಾ ಬೆಳಕಿರೋ ಭಾಗ) ಬೇಗ ಬರೀ ಬಿಳಿಯಾಗಿ ಸುಟ್ಟುಹೋಗುತ್ತೆ. ಶೀಟ್ ಫಿಲ್ಮ್‌ಗೆ ಎಕ್ಸ್‌ಪೋಷರ್ ಪರೀಕ್ಷೆ ಮಾಡೋಕೆ ಇದನ್ನು ನಂಬಲ್ಲ ನಾನು, ಲೈಟ್ ಮೀಟರೇ ವಾಸಿ. ಪೋರ್ಟ್ರೇಟ್ ತೆಗೆದು ಅಲ್ಲೇ ಕೈಗೆ ಕೊಡೋಕೆ ಮಾತ್ರ ಸೂಪರ್.